ಗಾಡಿಗೆ ಏನೂ ಆಗಲಿಲ್ಲ

ಕಳೆದ ತಿಂಗಳು ನಮ್ಮಕ್ಕನ ಮಗ ಹೊಸ ವಾಹನವೊಂದನ್ನು ಕೊಂಡ. ಪೂಜೆಗೆ ನನ್ನನ್ನೂ ಕರೆದಿದ್ದ. ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಬಾನೆಟ್ಟಿನ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಆರತಿ ಎತ್ತಿದ್ದೂ ಆಯಿತು. ನೆಂಟರಲ್ಲಿ ಹಿರಿಯರೊಬ್ಬರು ಬಾಗಿಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಹಲಸಿನ ಹಣ್ಣನ್ನು ಪರೀಕ್ಷಿಸುವವರಂತೆ ಕಿವಿಗೊಟ್ಟು ಕೇಳಿ, "ತಗಡು ತೆಳುವಾಯಿತು ಮಾರಾಯ. ಹಿಂದಿನ ಗಾಡಿಗಳ ಗಟ್ಟಿತನ ಇವಕ್ಕೆಲ್ಲಿಂದ ಬರಬೇಕು?" ಎಂದರು. ಅಳಿಯ ತಟ್ಟನೆ, "ಅದಕ್ಕೇ ಮುಂದುಗಡೆ ಕಬ್ಬಿಣದ ಗಾರ್ಡ್ ಹಾಕಿಸುತ್ತಿದ್ದೇನೆ. ಶಿವಮೊಗ್ಗದಲ್ಲಿ ಹೇಳಿಟ್ಟಾಗಿದೆ" ಎಂದ. ನೆರೆದವರೆಲ್ಲ ಮೆಚ್ಚಿ ತಲೆದೂಗಿದರು.

ನಾನು ಆ ಹೊತ್ತಿನಲ್ಲಿ ಏನೂ ಹೇಳಲಿಲ್ಲ. ಶುಭಕಾರ್ಯದ ಮನೆಯಲ್ಲಿ ಅಪಘಾತದ ಮಾತೆತ್ತುವುದು ಸಲ್ಲದು. ಆ ಮನೆಯಲ್ಲಂತೂ ಸಲ್ಲವೇ ಸಲ್ಲದು. ಊಟ ಮುಗಿಸಿ, ತಾಂಬೂಲ ಹಿಡಿದುಕೊಂಡು ಬಂದುಬಿಟ್ಟೆ. ಆದರೆ ಅಂದು ನುಂಗಿಕೊಂಡ ಮಾತು ಜೀರ್ಣವಾಗಲಿಲ್ಲ. ಮೂವತ್ತು ವರ್ಷ ವಿಜ್ಞಾನದ ಮೇಷ್ಟರಾಗಿದ್ದವನಿಗೆ ಇದೊಂದು ರೋಗವೆಂದು ನನ್ನ ಶ್ರೀಮತಿಯ ಅಭಿಪ್ರಾಯ. ಇರಲಿ.

ನಮ್ಮ ಭಾವನವರು ತೀರಿಕೊಂಡದ್ದು 1991ರ ಆಷಾಢದಲ್ಲಿ. ಬಂಧುಗಳಲ್ಲಿ ಹಲವರಿಗೆ ಇದು ಗೊತ್ತಿರುವ ಸಂಗತಿ, ಕಿರಿಯರಿಗಾಗಿ ಹೇಳುತ್ತಿದ್ದೇನೆ. ಅಡಿಕೆ ಮಂಡಿಯ ವ್ಯವಹಾರ ಮುಗಿಸಿ ಸಾಗರದಿಂದ ಊರಿಗೆ ಮರಳುತ್ತಿದ್ದರು. ಜಿಟಿಜಿಟಿ ಮಳೆ. ಊರಿನ ಹತ್ತಿರದ ಇಳಿಜಾರಿನಲ್ಲಿ ಜೀಪು ಜಾರಿ ಮೋರಿಯ ಕಲ್ಲುಕಟ್ಟೆಗೆ ನೇರವಾಗಿ ಬಡಿಯಿತು. ನಾನು ಹೋಗಿ ನೋಡುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ದಾರಿಯಲ್ಲೇ ಪ್ರಾಣ ಹೋಗಿತ್ತು. ಸ್ಟೀರಿಂಗ್ ದಂಡ ಎದೆಗೆ ಒತ್ತಿತ್ತು. ಜೀಪು ಮಾತ್ರ ಅಲ್ಲೇ ನಿಂತಿತ್ತು. ಮುಂದಿನ ಬಂಪರ್ ಒಂದು ಬದಿಗೆ ತುಸು ಸೊಟ್ಟಗಾಗಿತ್ತು, ಒಂದು ದೀಪ ಒಡೆದಿತ್ತು. ಅಷ್ಟೇ. ಕಟ್ಟೆಯ ಎರಡು ಕಲ್ಲುಗಳು ಸಡಿಲಗೊಂಡಿದ್ದವು. ಯಾರೋ ಕೀಲಿ ತಿರುಗಿಸಿದರೆ ಎಂಜಿನ್ ಚಾಲೂ ಆಯಿತು!

"ಗಾಡಿಗೆ ಏನೂ ಆಗಲಿಲ್ಲ ನೋಡಿ, ಇವರ ಆಯುಷ್ಯವೇ ಅಷ್ಟಿತ್ತು" ಎಂದು ಆ ಹದಿಮೂರು ದಿನಗಳಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ನಾನೂ ಹೇಳಿದೆ. ಅಕ್ಕನನ್ನು ಸಮಾಧಾನಪಡಿಸಲು ನನಗೆ ತೋಚಿದ ಮಾತು ಅದೊಂದೇ. ಆ ಜೀಪು ಎರಡೇ ದಿನಗಳಲ್ಲಿ ದುರಸ್ತಿಯಾಗಿ, ಮುಂದೆ 2002ರವರೆಗೆ ಗೊಬ್ಬರ, ಅಡಿಕೆ, ನೆಂಟರು ಎಲ್ಲವನ್ನೂ ಹೊತ್ತು ಓಡಾಡಿತು.

ಮೈಲಿಗೆ ಕಳೆದು ಶಾಲೆಗೆ ಮರಳಿದ ವಾರದಲ್ಲೇ ನ್ಯೂಟನ್ನನ ಎರಡನೆಯ ನಿಯಮದ ಪಾಠ ಬಂತು. ಪ್ರತಿ ವರ್ಷದಂತೆ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆಂದು ವಿವರಿಸಿದೆ. ನಿಲ್ಲುವ ಕಾಲ ಹೆಚ್ಚಿದಷ್ಟೂ ಬಲ ಕಡಿಮೆ, ಇತ್ಯಾದಿ. ಆಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ನಿಮ್ಮ ಭಾವನವರ ಜೀಪಿಗೆ ಏನೂ ಆಗಲಿಲ್ಲವಂತೆ. ಹಾಗಾದರೆ ಆ ಪೆಟ್ಟೆಲ್ಲ ಎಲ್ಲಿಗೆ ಹೋಯಿತು?" ತರಗತಿ ಸ್ತಬ್ಧವಾಯಿತು. ನನಗೆ ಸಿಟ್ಟು ಬಂತು. "ಪಾಠಕ್ಕೆ ಸಂಬಂಧಿಸಿದ ಪ್ರಶ್ನೆ ಕೇಳುವುದನ್ನು ಕಲಿ" ಎಂದು ಗದರಿ ಕೂರಿಸಿದೆ. ಅವಳು ಕೇಳಿದ್ದು ಪಾಠಕ್ಕೇ ಸಂಬಂಧಿಸಿದ ಪ್ರಶ್ನೆ. ನನ್ನ ಇಡೀ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಅವಳು ಈ ಪುಟಗಳನ್ನು ಓದುವಳೋ ಇಲ್ಲವೋ ಅರಿಯೆ. ಓದುತ್ತಿದ್ದರೆ, ತಾಯಿ, ಉತ್ತರ ಬಹಳ ತಡವಾಯಿತು, ಕ್ಷಮಿಸು.

ಪೆಟ್ಟು ಹೋದದ್ದು ಭಾವನವರ ಎದೆಗೆ.

ಲೆಕ್ಕ ಮಾಡಿ ನೋಡೋಣ. ಹತ್ತನೆಯ ತರಗತಿಯ ಗಣಿತ ಸಾಕು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಗೋಡೆಗೆ ಬಡಿಯುವುದೂ 10 ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಬೀಳುವುದೂ ಒಂದೇ. ಕೆಳಗೆ ಬಂಡೆಯಿದೆಯೋ ಹುಲ್ಲಿನ ಬಣವೆಯಿದೆಯೋ ಎಂಬುದಷ್ಟೇ ಪ್ರಶ್ನೆ. 10 ಸೆಂಟಿಮೀಟರ್ ದೂರದಲ್ಲಿ ನಿಂತರೆ ದೇಹದ ಮೇಲೆ ಬೀಳುವ ವೇಗೋತ್ಕರ್ಷ ಗುರುತ್ವದ ಸುಮಾರು 98 ಪಟ್ಟು. ಎಪ್ಪತ್ತು ಕಿಲೋ ತೂಕದ ಮನುಷ್ಯನ ಮೇಲೆ ಕ್ಷಣಾರ್ಧ ಹೆಚ್ಚುಕಡಿಮೆ ಏಳು ಟನ್ ಬಲ ಬಿದ್ದಂತೆ. ಅದೇ ವೇಗದಿಂದ 60 ಸೆಂಟಿಮೀಟರ್ ದೂರ ಸಾಗುತ್ತ ನಿಂತರೆ 16 ಪಟ್ಟು ಮಾತ್ರ. ಅಮೆರಿಕದ ವಾಯುಪಡೆಯ ವೈದ್ಯಾಧಿಕಾರಿ ಜಾನ್ ಪಾಲ್ ಸ್ಟ್ಯಾಪ್ 1954ರ ಡಿಸೆಂಬರ್‌ನಲ್ಲಿ ರಾಕೆಟ್ ಬಂಡಿಯೊಂದರಲ್ಲಿ ತನ್ನನ್ನು ತಾನೇ ಪಟ್ಟಿಗಳಿಂದ ಬಿಗಿಸಿಕೊಂಡು 46 ಪಟ್ಟನ್ನು ತಾಳಿ ಬದುಕಿ ಬಂದ. ಆದುದರಿಂದ 16 ಎಂಬುದು, ಬೆಲ್ಟ್ ಕಟ್ಟಿಕೊಂಡವನಿಗೆ, ಮೈ ನೋಯುವ ಸಂಗತಿಯೇ ಹೊರತು ಸಾಯುವ ಸಂಗತಿಯಲ್ಲ. ನಡುವಿನ ವ್ಯತ್ಯಾಸ ಕೇವಲ 50 ಸೆಂಟಿಮೀಟರ್. ಒಂದು ಮೊಳಕ್ಕಿಂತ ತುಸು ಹೆಚ್ಚು.

ನಮ್ಮ ತೋಟದಲ್ಲಿ ಕೊನೆಕೊಯ್ಲನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮರದಿಂದ ಹಗ್ಗದಗುಂಟ ಜಾರಿ ಬರುವ ಅಡಿಕೆ ಕೊನೆಯನ್ನು ಕೆಳಗಿನವನು ಗೋಡೆಯಂತೆ ನಿಂತು ತಡೆಯುವುದಿಲ್ಲ. ಅದರೊಡನೆ ತಾನೂ ಒಂದು ಹೆಜ್ಜೆ ಸರಿದು, ಬಾಗಿ, ಅದರ ಓಟವನ್ನು ತನ್ನ ಮೈಯಲ್ಲಿ ಕರಗಿಸಿಕೊಳ್ಳುತ್ತಾನೆ. ಸೆಟೆದು ನಿಂತರೆ ಭುಜ ಹೋಗುತ್ತದೆ.

ಆ ಜೀಪು ಸೆಟೆದು ನಿಂತಿತ್ತು. ಹಳೆಯ ಜೀಪು, ಲಾರಿಗಳ ಅಡಿಯಲ್ಲಿ ಇಣುಕಿದವರು ಅದರ ಚಾಸಿಯನ್ನು ಕಂಡಿರುತ್ತಾರೆ: ಮುಂದಿನಿಂದ ಹಿಂದಿನವರೆಗೆ ಉಕ್ಕಿನ ಎರಡು ಉದ್ದನೆಯ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಮಲಗಿಸಿದ ಏಣಿಯಂತೆ. ಎಂಜಿನ್, ಚಕ್ರ ಎಲ್ಲವೂ ಆ ಏಣಿಗೆ ಜೋಡಣೆಯಾಗಿರುತ್ತವೆ. ಮೇಲಿನ ದೇಹವನ್ನು ರಬ್ಬರಿನ ದಿಂಬುಗಳ ಮೇಲಿಟ್ಟು ಬೋಲ್ಟು ಬಿಗಿದಿರುತ್ತಾರೆ. ಭಾರ ಹೊರಲು, ಹಳ್ಳ ದಿಣ್ಣೆ ಹತ್ತಿಳಿಯಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆದರೆ ಹಳೆಯ ಜೀಪಿನಲ್ಲಿ ಬಂಪರನ್ನು ಆ ತೊಲೆಗಳ ತುದಿಗೇ ಬಿಗಿದಿದ್ದರು. ಬಂಪರಿಗೆ ಬಿದ್ದ ಪೆಟ್ಟು ತೊಲೆಯಗುಂಟ ನೇರ ಹಿಂದಕ್ಕೆ ಸಾಗುತ್ತಿತ್ತು. ಮಧ್ಯೆ ಮುದುಡುವಂಥದ್ದು, ಮಡಚಿಕೊಳ್ಳುವಂಥದ್ದು ಏನೂ ಇರಲಿಲ್ಲ. ಚಾಲಕನ ಮುಂದೆ ಈಟಿಯಂತೆ ಚಾಚಿದ ಸ್ಟೀರಿಂಗ್ ದಂಡ. ಬೆಲ್ಟು ಆ ಜೀಪಿನಲ್ಲಿ ಇರಲೇ ಇಲ್ಲ. ಗಾಡಿ ನಿಂತಿತು, ಜಡತ್ವದ ನಿಯಮದಂತೆ ಒಳಗಿನವರು ಮುಂದುವರಿದರು.

ಇನ್ನೊಂದು ಬಗೆಯ ರಚನೆಯಲ್ಲಿ ಏಣಿಯೇ ಇರುವುದಿಲ್ಲ. ನೆಲ, ಕಂಬ, ಛಾವಣಿ ಎಲ್ಲ ಒಟ್ಟಾಗಿ ಬೆಸೆದುಕೊಂಡು ಮೊಟ್ಟೆಯ ಚಿಪ್ಪಿನಂತೆ ಭಾರವನ್ನು ಹೊರುತ್ತವೆ. ಇದಕ್ಕೆ ಮಾನೊಕಾಕ್ ಎನ್ನುತ್ತಾರೆ. 1922ರಲ್ಲಿ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಸಿಯೋಂ ಅವಾಂ ಈ ದಾರಿ ತೋರಿಸಿದವು. ನಮ್ಮವರಿಗೆ ಅಚ್ಚರಿಯಾಗುವ ಸಂಗತಿಯೊಂದನ್ನು ಹೇಳುತ್ತೇನೆ. "ಉಕ್ಕಿನ ಕೋಟೆ" ಎಂದು ನಾವೆಲ್ಲ ಹೊಗಳುತ್ತಿದ್ದ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕೂಡ ಏಣಿ ಚೌಕಟ್ಟಿನ ಕಾರಲ್ಲ, ಮಾನೊಕಾಕ್ ಕಾರು! ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಹಾಗೆಯೇ ಇತ್ತು. ಅಂದರೆ ತಗಡಿನ ದಪ್ಪವನ್ನೇ ನಾವು ಚೌಕಟ್ಟಿನ ಬಲವೆಂದು ತಿಳಿದಿದ್ದೆವು, ಚೌಕಟ್ಟಿನ ಬಲವನ್ನೇ ಕುಳಿತವರ ಸುರಕ್ಷತೆಯೆಂದು ತಿಳಿದಿದ್ದೆವು. ಎರಡು ತಪ್ಪುಗಳು, ಒಂದರ ಮೇಲೊಂದು.

ಈ ತಪ್ಪನ್ನು ಮೊದಲು ಸರಿಯಾಗಿ ಗುರುತಿಸಿದವನು ಬೇಲಾ ಬರೇನಿ ಎಂಬ ಎಂಜಿನಿಯರ್. ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿ 1907ರಲ್ಲಿ ಹುಟ್ಟಿ, ಜರ್ಮನಿಯ ಮರ್ಸಿಡಿಸ್ ಸಂಸ್ಥೆಯಲ್ಲಿ ದುಡಿದವನು. ಕಾರು ಇಡಿಯಾಗಿ ಗಟ್ಟಿಯಾಗಿರಬೇಕೆಂಬ ಅಂದಿನ ನಂಬಿಕೆಯನ್ನು ಆತ ತಲೆಕೆಳಗು ಮಾಡಿದ. ಜನ ಕೂರುವ ನಡುಭಾಗ ಪೆಟ್ಟಿಗೆಯಂತೆ ಬಿಗಿಯಾಗಿರಲಿ, ಮುಂದಿನ ಹಿಂದಿನ ಭಾಗಗಳು ಬೇಕೆಂದೇ ಮೆತ್ತಗಿರಲಿ, ಪೆಟ್ಟು ಬಿದ್ದಾಗ ಅವು ಮುದುಡಿ ಶಕ್ತಿಯನ್ನು ನುಂಗಿಕೊಳ್ಳಲಿ ಎಂಬುದು ಅವನ ವಿಚಾರ. 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1959ರ ಮರ್ಸಿಡಿಸ್ ಕಾರಿನಲ್ಲಿ ಅದು ಕಾರ್ಯರೂಪಕ್ಕೆ ಬಂತು. ಅದೇ ವರ್ಷ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕೊಟ್ಟ. ಮುದುಡುವ ಮೂತಿ, ಮುದುಡದ ಕೋಣೆ, ಮನುಷ್ಯನನ್ನು ಕೋಣೆಗೆ ಕಟ್ಟಿಹಾಕುವ ಪಟ್ಟಿ. ಮೂರೂ ಸೇರಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ನಂಬದವರು 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ನಡೆಸಿದ ಪ್ರಯೋಗದ ಚಿತ್ರವನ್ನು ಅಂತರಜಾಲದಲ್ಲಿ ಹುಡುಕಿ ನೋಡಬಹುದು. ತನ್ನ ಐವತ್ತನೆಯ ವರ್ಷದ ನೆನಪಿಗೆ ಆ ಸಂಸ್ಥೆ 1959ರ ಷೆವ್ರೋಲೆ ಬೆಲ್ ಏರ್ ಕಾರನ್ನೂ 2009ರ ಷೆವ್ರೋಲೆ ಮಾಲಿಬು ಕಾರನ್ನೂ ತಲಾ 64 ಕಿಲೋಮೀಟರ್ ವೇಗದಲ್ಲಿ ಮುಖಾಮುಖಿ, ಅರ್ಧ ಮೂತಿ ತಾಗುವಂತೆ, ಡಿಕ್ಕಿ ಹೊಡೆಸಿತು. ಬೆಲ್ ಏರ್ ಎಂದರೆ ಎಂಥ ಗಾಡಿ! ರಥದಂಥದ್ದು. ಎಕ್ಸ್ ಆಕಾರದ ಚೌಕಟ್ಟು, ದಪ್ಪ ತಗಡು, ಹೊಳೆಯುವ ಬಂಪರು. ಡಿಕ್ಕಿಯಲ್ಲಿ ಅದರ ಚಾಲಕನ ಕೋಣೆಯೇ ಕುಸಿಯಿತು. ಸ್ಟೀರಿಂಗ್ ಗೊಂಬೆಯ ಮೇಲೆರಗಿತು. ಮಾಲಿಬುವಿನ ಮೂತಿ ಪೂರ್ತಿ ನುಜ್ಜುಗುಜ್ಜಾಯಿತು, ಕೋಣೆ ಮಾತ್ರ ಹಾಗೆಯೇ ಉಳಿಯಿತು. ಅದರಲ್ಲಿದ್ದ ಗೊಂಬೆಗೆ ಕಾಲಿನ ಸಣ್ಣ ಗಾಯದ ಸಂಭವವಷ್ಟೇ. ಆ ದೃಶ್ಯವನ್ನು ನಾನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗೆಂದು "ಮಾನೊಕಾಕ್ ಒಳ್ಳೆಯದು, ಏಣಿ ಚೌಕಟ್ಟು ಕೆಟ್ಟದ್ದು" ಎಂಬ ಇನ್ನೊಂದು ಮೂಢನಂಬಿಕೆಯನ್ನು ನಾನು ಹಂಚಲಾರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಮಾರುಕಟ್ಟೆಯ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂತು. ಐದೂ ಮಾನೊಕಾಕ್ ಕಾರುಗಳೇ. ಕೆಲವುಗಳಲ್ಲಿ ಕೋಣೆಯೇ ನಿಲ್ಲಲಿಲ್ಲ. ಕೆಲವುಗಳಲ್ಲಿ ಕೋಣೆ ನಿಂತರೂ ಗಾಳಿಚೀಲವಿರಲಿಲ್ಲ. ಅದಾದ ಮೇಲೆ 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು; ಅದು ಮಾನೊಕಾಕ್. 2022ರಲ್ಲಿ ಮಹೀಂದ್ರಾ ಸ್ಕಾರ್ಪಿಯೋ ಎನ್ ಐದು ನಕ್ಷತ್ರ ಪಡೆಯಿತು. ಅದು ಏಣಿ ಚೌಕಟ್ಟಿನದು. ಏಣಿಯ ತೊಲೆಯ ಮುಂತುದಿಯನ್ನೂ ಅಲ್ಲಲ್ಲಿ ಬೇಕೆಂದೇ ದುರ್ಬಲಗೊಳಿಸಿ, ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುವ ಹಾಗೆ ಮಾಡಲು ಈಗ ಬರುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಚೌಕಟ್ಟು ಯಾವುದು ಎಂದಲ್ಲ, ಎಲ್ಲಿ ಮಡಚುತ್ತದೆ, ಎಲ್ಲಿ ಮಡಚುವುದಿಲ್ಲ ಎಂದು. ಆ ಉತ್ತರ ಬಾಗಿಲು ಕುಟ್ಟಿದರೆ ಕೇಳಿಸದು. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾಗಿದೆ. ಮೈಲೇಜು ಎಷ್ಟೆಂದು ಕೇಳುವ ಬಾಯಿ ಅದನ್ನೂ ಕೇಳಬಹುದಲ್ಲ?

ಈಗ ಗಾರ್ಡಿನ ವಿಷಯಕ್ಕೆ ಬರೋಣ. ಎಂಜಿನಿಯರುಗಳು ವರ್ಷಗಟ್ಟಲೆ ಕುಳಿತು, ಎಷ್ಟೋ ಕಾರುಗಳನ್ನು ಗೋಡೆಗೆ ಬಡಿದು, ಮೂತಿ ಎಷ್ಟು ಹೊತ್ತಿನಲ್ಲಿ ಎಷ್ಟು ಮುದುಡಬೇಕೆಂದು ಲೆಕ್ಕ ಹಾಕಿರುತ್ತಾರೆ. ನಾವು ಐದಾರು ಸಾವಿರ ಕೊಟ್ಟು ಆ ಮೂತಿಯ ಮುಂದೆ ಕೊಳವೆಯ ಚೌಕಟ್ಟೊಂದನ್ನು ತೊಲೆಗಳಿಗೇ ಬೋಲ್ಟು ಹಾಕಿಸುತ್ತೇವೆ. ಅಷ್ಟಕ್ಕೆ ಹೊಸ ಗಾಡಿ 1991ರ ಜೀಪಿನತ್ತ ಒಂದು ಹೆಜ್ಜೆ ಹಿಂದೆ ಹೋಯಿತು. ಪೆಟ್ಟಿನ ದಾರಿ ಬದಲಾಗುತ್ತದೆ. ಗಾಳಿಚೀಲವನ್ನು ಯಾವಾಗ ಉಬ್ಬಿಸಬೇಕೆಂದು ನಿರ್ಧರಿಸುವ ಸಂವೇದಕದ ಲೆಕ್ಕವೂ ತಪ್ಪಬಹುದು. ಎದುರಿಗೆ ಬಂದ ಪಾದಚಾರಿಯ ಗತಿಯನ್ನಂತೂ ಊಹಿಸಿಕೊಳ್ಳಿ. ಈ ಕಾರಣಗಳಿಂದಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ.

ಗಾರ್ಡಿನ ಪರವಾದ ವಾದವೂ ಪೂರ್ತಿ ಸುಳ್ಳಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಪೇಟೆಯ ಸಣ್ಣಪುಟ್ಟ ತಾಗುವಿಕೆಯಲ್ಲಿ ಹೊಸ ಕಾರುಗಳ ಮೂತಿ ಬಹಳ ಬೇಗ ಹಾಳಾಗುತ್ತದೆ, ಬಿಲ್ಲು ನೋಡಿದರೆ ಎದೆ ಒಡೆಯುತ್ತದೆ. ಹಳೆಯ ಏಣಿ ಚೌಕಟ್ಟಿನ ಗಾಡಿ ಅಂಥ ಪೆಟ್ಟುಗಳನ್ನು ನಗುತ್ತ ತಾಳುತ್ತಿತ್ತು. ಆದರೆ ಆ ಬಿಲ್ಲು ಹಣದಲ್ಲಿ ತೀರುವ ಬಿಲ್ಲು.

ದುರಸ್ತಿಯ ಬಗ್ಗೆಯೂ ಒಂದು ಮಾತು. ಹಳೆಯ ಕಾರು ಕೊಳ್ಳುವ ನನ್ನ ವಿದ್ಯಾರ್ಥಿಗಳಿಗಾಗಿ. ಒಮ್ಮೆ ಮುದುಡಿದ ತೊಲೆಯನ್ನು ಗ್ಯಾಸಿನಿಂದ ಕಾಯಿಸಿ, ಎಳೆದು, ಬಡಿದು, ಟಿಂಕರಿಂಗ್ ಮಾಡಿ, ಬಣ್ಣ ಬಳಿದರೆ ನೋಡಲು ಹೊಸದರಂತೆಯೇ ಇರುತ್ತದೆ. ಈಗಿನ ಬಲಿಷ್ಠ ಉಕ್ಕುಗಳು ಕಾಯಿಸಿದರೆ ತಮ್ಮ ಗುಣ ಕಳೆದುಕೊಳ್ಳುತ್ತವೆ. ಮುಂದಿನ ಪೆಟ್ಟಿಗೆ ಅದು ಹೇಗೆ ಮಡಚುವುದೆಂದು ಆ ಬಡಿಗೆ ಹಿಡಿದವನೂ ಹೇಳಲಾರ. ಮಾನೊಕಾಕ್ ಕಾರಿನಲ್ಲಿ ಪೆಟ್ಟು ಬಿದ್ದ ಜಾಗದಿಂದ ದೂರಕ್ಕೂ ಸಾಗಿರುತ್ತದೆ. ಬಾಗಿಲುಗಳ ಸಂದು ಮೇಲೆ ಕೆಳಗೆ ಒಂದೇ ಸಮನಾಗಿದೆಯೇ, ಬಾನೆಟ್ಟಿನ ಅಡಿಯ ಬೆಸುಗೆಗಳು ಎರಡೂ ಬದಿ ಒಂದೇ ತೆರನಾಗಿವೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿರಿ. ಏಣಿ ಚೌಕಟ್ಟಿನ ಗಾಡಿಯಾದರೆ ಹಿಂದಿನಿಂದ ನಿಂತು ಅದು ಓಡುವುದನ್ನು ನೋಡಿರಿ. ಚಾಸಿ ತಿರುಚಿದ್ದರೆ ಏಡಿಯಂತೆ ಓರೆಯಾಗಿ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಕಾರಿನ ರಚನೆಯೊಂದೇ ಕಾಯುತ್ತದೆಂದು ಭಾವಿಸಿದರೆ ತಪ್ಪಾದೀತು. 1,800 ಕಿಲೋ ತೂಕದ ಗಾಡಿಯೂ 900 ಕಿಲೋ ತೂಕದ ಕಾರೂ ತಲಾ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬಡಿದು ಕಚ್ಚಿಕೊಂಡವೆನ್ನಿ. ಸಂವೇಗ ಸಂರಕ್ಷಣೆಯ ಪ್ರಕಾರ ದೊಡ್ಡದರ ವೇಗದಲ್ಲಿ 33 ಕಿಲೋಮೀಟರ್ ಬದಲಾವಣೆ, ಚಿಕ್ಕದರಲ್ಲಿ 67. ಬಡವನ ಕಾರಿಗೆ ಸರಿಯಾಗಿ ಎರಡರಷ್ಟು. ತೂಕದ ಜೊತೆಗೆ ಎತ್ತರ ಬೇರೆ: ಲಾರಿಯ ತೊಲೆಗಳು ಕಾರಿನ ಮುದುಡುವ ಭಾಗಕ್ಕೆ ತಾಗುವುದೇ ಇಲ್ಲ, ಗಾಜಿಗೇ ಬರುತ್ತವೆ. 1967ರಲ್ಲಿ ಅಮೆರಿಕದ ಚಿತ್ರನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಹಾಗೆ ಲಾರಿಯಡಿ ಕಾರು ಹೊಕ್ಕು ತೀರಿಕೊಂಡಳು. ಲಾರಿಯ ಹಿಂದೆ ಕೆಳಮಟ್ಟದಲ್ಲಿ ಹಾಕುವ ಅಡ್ಡಪಟ್ಟಿಗೆ ಅಲ್ಲಿ ಇಂದಿಗೂ ಅವಳ ಹೆಸರಿದೆ. ನಮ್ಮ ಹೆದ್ದಾರಿಗಳಲ್ಲಿ ಆ ಪಟ್ಟಿ ಮುರಿದ, ತುಕ್ಕು ಹಿಡಿದ, ತಂತಿಯಲ್ಲಿ ಕಟ್ಟಿದ ಲಾರಿಗಳು ರಾತ್ರಿ ದೀಪವಿಲ್ಲದೆ ನಿಂತಿರುತ್ತವೆ. ನನ್ನನ್ನು ಕೇಳಿದರೆ, ಕಾರಿನವರ ಗಾರ್ಡಿಗೆ ಹಾಕುವ ದಂಡಕ್ಕಿಂತ ಮೊದಲು ಅಲ್ಲಿ ದಂಡ ಬೀಳಬೇಕು.

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ, ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ, ಕಂಟೇನರ್ ಲಾರಿಯೊಂದು ಪಕ್ಕದಲ್ಲಿದ್ದ ವೋಲ್ವೋ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ಹೋದರು. ಸುರಕ್ಷತೆಗೇ ಹೆಸರಾದ ಕಾರು ಅದು. ಹಾಗಿದ್ದರೂ ಹೀಗಾಯಿತಲ್ಲ, ನಿಮ್ಮ ವಿಜ್ಞಾನ ಎಲ್ಲಿ ಹೋಯಿತು ಎಂದು ಆಗ ನನ್ನನ್ನು ಕೇಳಿದವರಿದ್ದಾರೆ. ಛಾವಣಿಯ ಮೇಲೆ ಅಷ್ಟು ಟನ್ ಭಾರ ಕುಸಿದರೆ ಯಾವ ಕೋಣೆಯೂ ತಡೆಯದು. ಅದಕ್ಕೆಂದು ಯಾವ ಕಾರನ್ನೂ ಕಟ್ಟಿರುವುದಿಲ್ಲ. ಕೊಡೆ ಸಿಡಿಲನ್ನು ತಡೆಯಲಿಲ್ಲವೆಂದು ಮಳೆಯಲ್ಲಿ ಕೊಡೆ ಬಿಟ್ಟು ಹೋಗುವವರುಂಟೇ?

ಮೊನ್ನೆ ಭಾನುವಾರ ಅಳಿಯನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. "ಮಾವ, ರಾತ್ರಿ ಕಾಡುಹಂದಿ ಅಡ್ಡ ಬಂದರೆ?" ಎಂದ. "ನಿಧಾನವಾಗಿ ಓಡಿಸು" ಎಂದೆ. ಒಪ್ಪಿದಂತೆ ಕಾಣಲಿಲ್ಲ. ನಮ್ಮ ಮಾತು ಪಕ್ಕದಲ್ಲಿದ್ದ ಅಕ್ಕನಿಗೆ ಕೇಳಿಸುತ್ತಿತ್ತೆಂದು ತೋರುತ್ತದೆ. ಅವಳು ಫೋನು ಈಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದಳು: "ಅಂದರೆ ತಮ್ಮಾ, ಅವತ್ತು ಜೀಪಿಗೆ ಏನಾದರೂ ಆಗಿದ್ದರೆ ಇವರು ಉಳಿಯುತ್ತಿದ್ದರು ಅಂತ ಹೇಳ್ತಾ ಇದ್ದೀಯಾ?"

"ಉಳಿಯಬಹುದಿತ್ತಕ್ಕಾ" ಎಂದೆ.

"ಹೂಂ" ಎಂದು ಫೋನು ಇಟ್ಟಳು.

ನಿನ್ನೆ ಸಂಜೆ ಅಳಿಯನೇ ಫೋನು ಮಾಡಿದ್ದ. ಗಾರ್ಡ್ ಬೇಡವೆಂದು ಹೇಳಿ ಬಂದನಂತೆ. ಕೊಟ್ಟಿದ್ದ ಮುಂಗಡ ಎರಡು ಸಾವಿರವನ್ನು ಅಂಗಡಿಯವನು ಹಿಂದಿರುಗಿಸಲಿಲ್ಲವಂತೆ. ಅದನ್ನು ನನ್ನ ಲೆಕ್ಕಕ್ಕೆ ಬರೆದಿದ್ದಾನೆ.